ಪಾಸ್‌ವರ್ಡನ್ನು ಎಲ್ಲಿ ಬರೆಯುವುದು?

ಕೇಳುಗರಿಗೆ ನಮಸ್ಕಾರ.

ಇವತ್ತು ಯಾವ ತಂತ್ರಾಂಶವನ್ನೂ ಯಾರೂ ಬುಡದಿಂದ ತುದಿಯವರೆಗೆ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಪ್ಯಾಕೇಜ್‌ಗಳನ್ನು ತರಿಸಿ ಜೋಡಿಸಿಕೊಳ್ಳುತ್ತೇವೆ. ತರಿಸುವ ಕೆಲಸ ಮೇವನ್, ಗ್ರೇಡಲ್, ಎನ್‌ಪಿಎಂಗಳಂಥ ಬಿಲ್ಡ್ ಟೂಲ್‌ಗಳದ್ದು. ಮೇವನ್ ಸೆಂಟ್ರಲ್‌ನಂಥ ಸಾರ್ವಜನಿಕ ರೆಪೊಸಿಟರಿಯಿಂದ, ಅಂದರೆ ಪ್ಯಾಕೇಜ್‌ಗಳ ಉಗ್ರಾಣದಿಂದ, ತರಿಸುವಾಗ ನೀವು ಯಾರು ಎಂದು ಯಾರೂ ಕೇಳುವುದಿಲ್ಲ. ಆದರೆ ಸಂಸ್ಥೆಯೊಂದು ತನ್ನ ಬಳಕೆಗೆಂದೇ ಬರೆಸಿದ ಕೋಡನ್ನು ಅಲ್ಲಿ ಇಡುವ ಹಾಗಿಲ್ಲ. ಅದಕ್ಕಾಗಿ ನೆಕ್ಸಸ್, ಆರ್ಟಿಫ್ಯಾಕ್ಟರಿಯಂಥ ಸರ್ವರ್‌ನಲ್ಲಿ ಖಾಸಗಿ ರೆಪೊಸಿಟರಿ ತೆರೆದು ಪಾಸ್‌ವರ್ಡ್ ಹಾಕಿರುತ್ತಾರೆ. ಇನ್ನು ಉಳಿಯುವ ಪ್ರಶ್ನೆ ಒಂದೇ. ಆ ಪಾಸ್‌ವರ್ಡನ್ನು ಬಿಲ್ಡ್ ಟೂಲ್‌ಗೆ ತಿಳಿಸುವುದು ಎಲ್ಲಿ?

ಕೈಗೆ ಮೊದಲು ಸಿಗುವ ಜಾಗ ಪ್ರಾಜೆಕ್ಟ್‌ನ ಫೈಲ್. ರೆಪೊಸಿಟರಿಯ ವಿಳಾಸ ಬರೆದ ಸಾಲಿನ ಕೆಳಗೇ ಹೆಸರು, ಪಾಸ್‌ವರ್ಡ್ ಸೇರಿಸಿದರೆ ಬಿಲ್ಡ್ ಮೊದಲ ಸಲಕ್ಕೇ ಓಡುತ್ತದೆ. ಓಡುತ್ತದೆ ಎಂಬುದೇ ಅದರ ಅಪಾಯ. ಆ ಫೈಲ್ ಕೋಡಿನ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಹೋಗುತ್ತದೆ. ಮರುದಿನ ಎಚ್ಚರವಾಗಿ ಸಾಲನ್ನು ಅಳಿಸಿದರೂ ಹಿಂದಿನ ಕಮಿಟ್‌ನಲ್ಲಿ, ಅಂದರೆ ಹಳೆಯ ದಾಖಲೆಯಲ್ಲಿ, ಅದು ಹಾಗೇ ಕೂತಿರುತ್ತದೆ, ಅಷ್ಟರಲ್ಲಿ ಕೋಡ್ ಇಳಿಸಿಕೊಂಡವರೆಲ್ಲರ ಯಂತ್ರದಲ್ಲೂ ಇರುತ್ತದೆ. ಅಲ್ಲಿಂದಾಚೆಗೆ ಪಾಸ್‌ವರ್ಡನ್ನೇ ಬದಲಿಸದೆ ಗತ್ಯಂತರವಿಲ್ಲ.

ಮನೆಯ ವಿಳಾಸ ಹತ್ತು ಮಂದಿಗೆ ಗೊತ್ತಿದ್ದರೆ ನಷ್ಟವಿಲ್ಲ, ಕೀಲಿಕೈ ಮಾತ್ರ ಅವರವರ ಜೇಬಿನಲ್ಲಿರಬೇಕು. ಮೇವನ್ ಮಾಡಿರುವ ಏರ್ಪಾಡು ಇದೇ. ರೆಪೊಸಿಟರಿಯ ವಿಳಾಸ ಪಾಮ್ ಎಂಬ ಪ್ರಾಜೆಕ್ಟ್ ಫೈಲ್‌ನಲ್ಲಿರುತ್ತದೆ. ಪಾಸ್‌ವರ್ಡ್ ಇರುವುದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಡಾಟ್ ಎಂ ಟೂ ಎಂಬ ಅಡಗಿದ ಫೋಲ್ಡರಿನೊಳಗಿನ ಸೆಟ್ಟಿಂಗ್ಸ್ ಫೈಲ್‌ನಲ್ಲಿ. ಎರಡನ್ನೂ ಬೆಸೆಯುವುದು ಐಡಿ ಎಂಬ ಒಂದು ಪದ. ಎರಡೂ ಕಡೆ ಅದು ಅಕ್ಷರಶಃ ಒಂದೇ ಆಗಿರಬೇಕು. ಒಂದು ಕಡೆ ಹೈಫನ್, ಇನ್ನೊಂದು ಕಡೆ ಅಂಡರ್‌ಸ್ಕೋರ್ ಬಿತ್ತೆಂದರೆ ಮೇವನ್ ತುಟಿ ಬಿಚ್ಚುವುದಿಲ್ಲ, ಪಾಸ್‌ವರ್ಡ್ ಇಲ್ಲದೆಯೇ ಸರ್ವರ್ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಸರ್ವರ್ 401 ಎಂಬ ದೋಷಸಂಖ್ಯೆ ಹೇಳಿ ಕಳಿಸುತ್ತದೆ. ಇತ್ತ ನಾವು ಸರಿಯಾಗಿಯೇ ಇರುವ ಪಾಸ್‌ವರ್ಡನ್ನು ಮತ್ತೆ ಮತ್ತೆ ಟೈಪ್ ಮಾಡುತ್ತಾ ಕೂತಿರುತ್ತೇವೆ.

ಇನ್ನೊಂದು ಸೂಕ್ಷ್ಮವಿದೆ. ಸೆಟ್ಟಿಂಗ್ಸ್‌ನಲ್ಲಿ ಆ ರೆಪೊಸಿಟರಿಗೆ ಮಿರರ್, ಅಂದರೆ ಅದರ ಬದಲು ಹೋಗಬೇಕಾದ ಇನ್ನೊಂದು ವಿಳಾಸ, ಹಾಕಿದ್ದರೆ ಮೇವನ್ ಹುಡುಕುವುದು ಮಿರರ್‌ನ ಐಡಿಯನ್ನು, ಪಾಮ್‌ನಲ್ಲಿರುವ ಐಡಿಯನ್ನಲ್ಲ. ಎಸ್‌ಬಿಟಿ ಎಂಬ ಇನ್ನೊಂದು ಬಿಲ್ಡ್ ಟೂಲ್‌ನ, ಪ್ಯಾಕೇಜ್ ತರಿಸಲು ಐವಿ ಎಂಬ ಟೂಲನ್ನು ನೆಚ್ಚಿಕೊಂಡಿದ್ದ ಹಳೆಯ ಆವೃತ್ತಿಗಳಲ್ಲಿ ಕಾಟ ಬೇರೆ ಥರದ್ದು. ಅಲ್ಲಿ ಹೋಸ್ಟ್ ಹೆಸರಿನ ಜೊತೆಗೆ ರೆಲ್ಮ್ ಎಂಬುದನ್ನೂ ಬರೆಯಬೇಕು, ಅದು ಸರ್ವರ್ ತನ್ನ 401 ಉತ್ತರದ ಹೆಡರ್‌ನಲ್ಲಿ, ಅಂದರೆ ತಲೆಬರಹದ ಸಾಲುಗಳಲ್ಲಿ, ಹೇಳಿಕೊಳ್ಳುವ ಹೆಸರಿಗೆ ಸರಿಯಾಗಿ ತಾಳೆಯಾಗಬೇಕು. ಸರ್ವರನ್ನು ನೇರವಾಗಿ ಕೇಳಿ ನೋಡುವ ಕರ್ಲ್ ಎಂಬ ಆದೇಶದಿಂದ ಒಮ್ಮೆ ಕೇಳಿ ಹೆಡರ್ ನೋಡಿಬಿಟ್ಟರೆ ಊಹೆಯ ಗೊಡವೆಯೇ ಇರುವುದಿಲ್ಲ. ಈ ವಿಷಯದಲ್ಲಿ ನನ್ನ ಮತ ಗ್ರೇಡಲ್‌ಗೆ. ಅದರ 6.6 ಆವೃತ್ತಿಯಿಂದೀಚೆಗೆ ರೆಪೊಸಿಟರಿಗೆ ಒಂದು ಹೆಸರಿಟ್ಟು, ಪಾಸ್‌ವರ್ಡ್ ಬೇಕು ಎಂದಷ್ಟೇ ಬರೆದರೆ ಸಾಕು, ಆ ಹೆಸರಿನ ಜಾಡು ಹಿಡಿದು ಗ್ರೇಡಲ್ ಪ್ರಾಪರ್ಟೀಸ್ ಎಂಬ ತನ್ನ ಸೆಟ್ಟಿಂಗ್‌ಗಳಲ್ಲಿ ತಾನೇ ಹುಡುಕುತ್ತದೆ. ಸಿಗದಿದ್ದರೆ ಏನು ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತದೆ.

ದೋಷದ ಸಂಖ್ಯೆಗಳನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. 401 ಎಂದರೆ ನೀನು ಯಾರೋ ಗೊತ್ತಾಗಲಿಲ್ಲ ಎಂದು. 403 ಎಂದರೆ ಗೊತ್ತಾಯಿತು, ಆದರೂ ಬಿಡುವುದಿಲ್ಲ ಎಂದು. 404 ಮಾತ್ರ ಕಪಟಿ. ಅನುಮತಿ ಇಲ್ಲದವರಿಗೆ ಪ್ಯಾಕೇಜ್ ಇದೆ ಎಂಬ ಸುಳಿವೂ ಸಿಗಬಾರದೆಂದು ಕೆಲವು ಸರ್ವರ್‌ಗಳು ಅಂಥದ್ದು ಇಲ್ಲವೇ ಇಲ್ಲ ಎಂದುಬಿಡುತ್ತವೆ. ಮೇವನ್ ಆ ಮಾತನ್ನು ನಂಬಿ ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಆಮೇಲೆ ಪಾಸ್‌ವರ್ಡ್ ಸರಿಪಡಿಸಿದರೂ ಕೆಲಕಾಲ ಸರ್ವರ್‌ನತ್ತ ತಲೆ ಹಾಕುವುದಿಲ್ಲ. ಆಗ ಆದೇಶಕ್ಕೆ ಹೈಫನ್ ದೊಡ್ಡ ಯು ಸೇರಿಸಿ ಓಡಿಸಬೇಕು.

ಪಾಸ್‌ವರ್ಡ್ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸನ್ ಎಂಬ ಭದ್ರತಾ ಸಂಶೋಧಕರು ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಕಂಪನಿಗಳು ಒಳಗೊಳಗೇ ಬಳಸುವ ಪ್ಯಾಕೇಜ್‌ಗಳ ಹೆಸರನ್ನು ಪತ್ತೆ ಮಾಡಿ, ಅದೇ ಹೆಸರಿನ ಪ್ಯಾಕೇಜ್‌ಗಳನ್ನು ಸಾರ್ವಜನಿಕ ರೆಪೊಸಿಟರಿಗೆ ಏರಿಸಿದ್ದರು. ಆಪಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳ ವ್ಯವಸ್ಥೆಗಳೊಳಗೂ ಅವರ ಕೋಡ್ ಓಡಿತು. ಎರಡು ಕಡೆ ಒಂದೇ ಹೆಸರು ಕಂಡಾಗ ಕೆಲವು ಟೂಲ್‌ಗಳು ದೊಡ್ಡ ಆವೃತ್ತಿ ಸಂಖ್ಯೆಯದ್ದನ್ನು ಎತ್ತಿಕೊಳ್ಳುತ್ತವೆ, ಅದು ಯಾರದ್ದೆಂದು ಕೇಳುವುದಿಲ್ಲ. 2022ರ ಡಿಸೆಂಬರ್ ಕೊನೆಯ ವಾರದಲ್ಲಿ ಯಂತ್ರಕಲಿಕೆಯ ತಂತ್ರಾಂಶವಾದ ಪೈಟಾರ್ಚ್‌ನ ನೈಟ್ಲಿ, ಅಂದರೆ ದಿನದಿನವೂ ಹೊರಬರುವ ಪರೀಕ್ಷಾ ಆವೃತ್ತಿಗೂ ಇದೇ ಗತಿಯಾಯಿತು. ಹಾಗಾಗಿ ಈ ಹೆಸರಿನವು ಖಾಸಗಿ ಸರ್ವರ್‌ನಿಂದ ಮಾತ್ರ ಬರಲಿ ಎಂದು ಟೂಲ್‌ಗೆ ಕಟ್ಟಪ್ಪಣೆ ಮಾಡಿರಬೇಕು. ಗ್ರೇಡಲ್‌ನಲ್ಲಿ ಅದಕ್ಕೆ ಎಕ್ಸ್‌ಕ್ಲೂಸಿವ್ ಕಂಟೆಂಟ್ ಇದೆ, ಎನ್‌ಪಿಎಂನಲ್ಲಿ ಪ್ಯಾಕೇಜ್ ಹೆಸರಿನ ಮುಂದೆ ಸೇರಿಸುವ ಸ್ಕೋಪ್ ಇದೆ. ಪಾಸ್‌ವರ್ಡ್ ಹಾಕುವ ದಿನವೇ ಇದನ್ನೂ ಬರೆದುಬಿಡುವುದು ಒಳ್ಳೆಯದು, ಆಮೇಲೆ ಯಾರೂ ಅತ್ತ ತಿರುಗಿ ನೋಡುವುದಿಲ್ಲ.

ಉಳಿದದ್ದು ಮನುಷ್ಯರಿಲ್ಲದೆ ತಾನೇ ಓಡುವ ಬಿಲ್ಡ್ ಸರ್ವರ್. ಅಲ್ಲಿ ಸಿಬ್ಬಂದಿಯೊಬ್ಬರ ಸ್ವಂತ ಪಾಸ್‌ವರ್ಡ್ ಬೇಡ, ಪಾಸ್‌ವರ್ಡ್ ಬದಲಿಗೆ ಬಳಸುವ, ಓದಲು ಮಾತ್ರ ಅನುಮತಿಯಿರುವ ಟೋಕನ್ ಸಾಕು. ಅದನ್ನು ಫೈಲ್‌ನಲ್ಲಿ ಬರೆಯದೆ, ಓಡುವಾಗ ಹೊರಗಿನಿಂದ ಒದಗಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಕೊಡಬಹುದು. ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಪದರಪದರವಾಗಿ ಕಟ್ಟಿಡುವ ಡಾಕರ್ ಇಮೇಜ್ ಕಟ್ಟುವವರು ಮಾತ್ರ ಬಿಲ್ಡ್ ಆರ್ಗ್ಯುಮೆಂಟ್ ಆಗಿ ಟೋಕನ್ ಕೊಡಬೇಡಿ, ಡಾಕರ್ ಹಿಸ್ಟರಿ ಆದೇಶ ಕೊಟ್ಟವರಿಗೆ ಅದು ಕಣ್ಣಿಗೆ ಬೀಳಬಹುದು. ಸೀಕ್ರೆಟ್ ಮೌಂಟ್ ಬಳಸಿ. ಆ ಒಂದು ಆದೇಶ ಓಡುವಷ್ಟು ಹೊತ್ತು ಟೋಕನ್ ಇರುತ್ತದೆ, ಇಮೇಜ್‌ನ ಯಾವ ಪದರದಲ್ಲೂ ಉಳಿಯುವುದಿಲ್ಲ.

ನಮಸ್ಕಾರ.