ಒಂದೇ ಅಗಲ, ಎರಡು ಅಳತೆ: ಫ್ಯಾಟ್ ಬೈಕ್‌ನ ಹಬ್ ಮತ್ತು ಡಿಸ್ಕ್ ಬ್ರೇಕ್

ಮಾನ್ಯರೆ,

ಸೈಕಲ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರೂ, ತಮ್ಮ ಗಾಡಿಯನ್ನು ತಾವೇ ಬಿಚ್ಚಿ ಜೋಡಿಸುವವರೂ ಇಲ್ಲಿ ಸೇರಿರುವುದರಿಂದ ಪೀಠಿಕೆಯನ್ನು ಬೆಳೆಸದೆ ಒಂದು ಚಕ್ರದ ವಿಷಯದಿಂದಲೇ ತೊಡಗುತ್ತೇನೆ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ನನ್ನ ಅಂಗಡಿಗೆ ಕಾಲೇಜು ಹುಡುಗನೊಬ್ಬ ನಾಲ್ಕು ಇಂಚು ಟೈರಿನ ಫ್ಯಾಟ್ ಬೈಕ್ ತಂದ. ಮುಂದಿನ ರಿಮ್ ಸೊಟ್ಟಗಾಗಿದ್ದರಿಂದ ಯಾರೋ ಬಳಸಿದ್ದ ಇನ್ನೊಂದು ಚಕ್ರವನ್ನು ಕೊಂಡಿದ್ದ. ಅವನ ಫೋರ್ಕ್‌ನ, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವಲಿನ, ಒಳಗಲ 135 ಮಿಲಿಮೀಟರ್, ಕೊಂಡ ಚಕ್ರದ ನಡುವಿನ ಹಬ್‌ನ ಅಗಲವೂ 135. ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಭಾಗವಾದ ಕ್ಯಾಲಿಪರ್ ಬಿಚ್ಚಿಟ್ಟರೆ ಚಕ್ರ ಸಲೀಸಾಗಿ ಕೂರುತ್ತಿತ್ತು. ಕ್ಯಾಲಿಪರ್ ಕಟ್ಟಲು ಹೋದರೆ ಡಿಸ್ಕ್ ಅದರ ಸೀಳಿಗೆ ಸಿಗದೆ ಒಳಮೈಗೆ ಒತ್ತಿಕೊಳ್ಳುತ್ತಿತ್ತು. ಬೇರೊಂದು ಅಂಗಡಿಯಲ್ಲಿ ಆಕ್ಸಲ್‌ನ ಬಲತುದಿಗೆ ವಾಷರ್ ಮೇಲೆ ವಾಷರ್ ಹಾಕಿ ಇಡೀ ಚಕ್ರವನ್ನೇ ಎಡಕ್ಕೆ ದೂಡಿದ್ದರು. ಫೋರ್ಕ್‌ನ ಕಾಲುಗಳು ಹಿಗ್ಗಿದ್ದವು, ಟೈರ್ ಎಡಗಾಲಿಗೆ ಉಜ್ಜಿ ಬೆರಳಗಲದ ಬಣ್ಣ ಕಿತ್ತುಹೋಗಿತ್ತು, ಆಕ್ಸಲ್‌ಗೆ ಡ್ರಾಪ್‌ಔಟ್‌ನಲ್ಲಿ, ಅಂದರೆ ಅದು ಕೂರುವ ಫೋರ್ಕ್ ತುದಿಯ ಕಚ್ಚಿನಲ್ಲಿ, ಸರಿಯಾದ ಹಿಡಿತವೇ ಇರಲಿಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಚಕ್ರ ಕಳಚಿಕೊಳ್ಳಬಹುದಾಗಿದ್ದ ಸ್ಥಿತಿ ಅದು. ಅದನ್ನು ನೋಡಿ ನನಗೆ ನಿಜವಾಗಿಯೂ ಭಯವಾಯಿತು, ಮತ್ತು ಇಂದು ಈ ವಿಷಯವನ್ನೇ ಆರಿಸಿಕೊಳ್ಳಲು ಆ ಭಯವೇ ಕಾರಣ.

ಎರಡೂ 135 ಆಗಿದ್ದರೂ ಹೊಂದಿಕೆಯಾಗಲಿಲ್ಲವೇಕೆ? ಉತ್ತರ ಹುಡುಕಲು ಅಲಾಸ್ಕಾದ ಹಿಮದವರೆಗೆ ಹೋಗಬೇಕು. 2005ರಲ್ಲಿ ಅಮೆರಿಕದ ಮಿನ್ನೆಸೋಟಾದ ಸರ್ಲಿ ಕಂಪನಿಯು ಪಗ್ಸ್ಲಿ ಎಂಬ ಸೈಕಲನ್ನೂ ಅದಕ್ಕೆ 3.7 ಇಂಚು ಅಗಲದ ಟೈರನ್ನೂ ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಅಲಾಸ್ಕಾದಂಥ ಕಡೆ ಹಿಮದ ಮೇಲೆ ಓಡಿಸಲು ಇಂಥ ಸೈಕಲ್ ಬೇಕಾದವರು ಒಂದೊಂದನ್ನೂ ಕೈಯಿಂದಲೇ ಮಾಡಿಸಿಕೊಳ್ಳಬೇಕಿತ್ತು. ಆಗ ಸುಲಭವಾಗಿ ಸಿಗುತ್ತಿದ್ದುದು ಮೌಂಟನ್ ಬೈಕ್‌ನ 135 ಮಿಲಿಮೀಟರ್ ಹಿಂದಿನ ಹಬ್. ಅಷ್ಟು ಅಗಲದ ಟೈರನ್ನು ಆ ಹಬ್‌ನ ನಡುವೆ ಕೂರಿಸಿದರೆ ಚೈನು ಟೈರಿಗೆ ಉಜ್ಜುತ್ತದೆ. ಆದ್ದರಿಂದ ಫ್ರೇಮಿನ ಹಿಂಭಾಗವನ್ನೇ 17.5 ಮಿಲಿಮೀಟರ್ ಬಲಕ್ಕೆ ಸರಿಸಿ, ರಿಮ್ ಮಾತ್ರ ನಡುಗೆರೆಯಲ್ಲಿ ಉಳಿಯುವಂತೆ ಕಡ್ಡಿ ಕಟ್ಟಿದರು. ಫೋರ್ಕನ್ನೂ ಅದೇ 135 ಅಗಲಕ್ಕೆ, ಅದೇ 17.5 ಸರಿತಕ್ಕೆ ಮಾಡಿದ್ದು ಆ ವಿನ್ಯಾಸದ ಜಾಣ್ಮೆ. ಇದರಿಂದ ಮುಂದಿನ ಚಕ್ರ ಹಿಂದಕ್ಕೂ ಹಿಂದಿನದು ಮುಂದಕ್ಕೂ ಹೊಂದುತ್ತಿತ್ತು. ಕಡುಚಳಿಯಲ್ಲಿ ಹಿಂದಿನ ಹಬ್‌ನ ಫ್ರೀವೀಲ್ ಒಳಗಿನ ಗ್ರೀಸ್ ಗಟ್ಟಿಯಾಗಿ ಕುದುರೆಗಳು, ಅಂದರೆ ಪೆಡಲಿನ ಬಲವನ್ನು ಚಕ್ರಕ್ಕೆ ದಾಟಿಸುವ ಪುಟ್ಟ ಕೊಕ್ಕೆಗಳು, ಕಚ್ಚದೆ ಪೆಡಲ್ ಸುಮ್ಮನೆ ತಿರುಗತೊಡಗಿದರೆ, ಊರು ಕೇರಿಯಿಲ್ಲದ ಹಿಮದ ಬಯಲಿನಲ್ಲಿ ಅದು ಜೀವಕ್ಕೆ ಕುತ್ತು; ಮುಂದಿನ ಹಬ್‌ಗೂ ಒಂದು ಹಲ್ಲುಚಕ್ರ ಹಾಕಿಟ್ಟುಕೊಂಡವರು ಚಕ್ರಗಳನ್ನು ಅದಲುಬದಲು ಮಾಡಿ ಮನೆ ಸೇರಬಹುದಿತ್ತು. ನನ್ನ ಮಟ್ಟಿಗೆ ಇದು ಸೈಕಲ್ ವಿನ್ಯಾಸದಲ್ಲೇ ಅತ್ಯಂತ ಮಾನವೀಯವಾದ ಯೋಚನೆಗಳಲ್ಲೊಂದು.

ಆದರೆ ಇದರ ಪರಿಣಾಮವಾಗಿ ಮುಂದಿನ ಫೋರ್ಕ್‌ಗೆ ಹಿಂಬದಿಯ ಡಿಸ್ಕ್ ಅಳತೆ ಬಂದಿತು. ಸಾಮಾನ್ಯ 100 ಮಿಲಿಮೀಟರ್ ಮುಂದಿನ ಹಬ್‌ನಲ್ಲಿ ಡ್ರಾಪ್‌ಔಟ್‌ನ ಒಳಮೈಯಿಂದ ಡಿಸ್ಕ್ ಕೂರುವ ಮೈಗೆ ಇರುವ ದೂರ ಸುಮಾರು 10 ಮಿಲಿಮೀಟರ್; 135ರ ಹಿಂದಿನ ಹಬ್‌ನಲ್ಲಿ ಅದು ಸುಮಾರು 15. ಮುಂದೆ ಬೇರೆ ತಯಾರಕರು 135 ಅಗಲದ ಫೋರ್ಕ್‌ಗಳನ್ನು ಮಾಡತೊಡಗಿದಾಗ ಕೆಲವರು ಹಿಂಬದಿಯ ಅಳತೆಯನ್ನೇ ಉಳಿಸಿಕೊಂಡರು, ಕೆಲವರು ಮುಂಬದಿಯ ಅಳತೆ ಹಿಡಿದರು. ಹೀಗೆ ಒಂದೇ ಸಂಖ್ಯೆಯ ಹೆಸರಿನಲ್ಲಿ ಎರಡು ಬಗೆಯ ಫೋರ್ಕ್, ಎರಡು ಬಗೆಯ ಹಬ್ ಬಳಕೆಗೆ ಬಂದವು. 135 ಎಂಬುದು ಹಬ್‌ನ ಅಗಲವನ್ನು ಹೇಳುತ್ತದೆಯೇ ಹೊರತು, ಆ ಅಗಲದೊಳಗೆ ಡಿಸ್ಕ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳುವುದಿಲ್ಲ.

ಆದಕಾರಣ ದುಡ್ಡು ಕೊಡುವ ಮೊದಲು ವರ್ನಿಯರ್ ಅಳತೆ ಸಾಧನ ಕೈಗೆತ್ತಿಕೊಳ್ಳಿ. ಹಬ್‌ನ ಎಡತುದಿಯಲ್ಲಿ ಡ್ರಾಪ್‌ಔಟ್‌ಗೆ ಒತ್ತಿಕೊಳ್ಳುವ ಮೈಯ ಮೇಲೆ ಒಂದು ನೇರ ಪಟ್ಟಿಯನ್ನು ಅಡ್ಡಲಾಗಿಟ್ಟು, ವರ್ನಿಯರ್‌ನ ಆಳ ಅಳೆಯುವ ಕಡ್ಡಿಯನ್ನು ಡಿಸ್ಕ್ ಕೂರುವ ಮೈಯವರೆಗೆ ಇಳಿಬಿಡಬೇಕು. ಪಟ್ಟಿಯ ದಪ್ಪವನ್ನು ಕಳೆದರೆ ಹಬ್‌ನ ಅಳತೆ ಸಿಕ್ಕಿತು. ಫೋರ್ಕ್‌ನ ಕಡೆ ಕ್ಯಾಲಿಪರನ್ನು ಅದರ ಬೋಲ್ಟ್ ಸೀಳುಗಳ ನಡುಮಧ್ಯಕ್ಕೆ ನಿಲ್ಲಿಸಿ, ಡ್ರಾಪ್‌ಔಟ್‌ನ ಒಳಮೈಯಿಂದ ಎರಡು ಪ್ಯಾಡ್‌ಗಳ ನಡುಗೆರೆಗೆ ಎಷ್ಟು ದೂರವಿದೆ ಎಂದು ನೋಡಬೇಕು. ಹೊಸ ಡಿಸ್ಕ್‌ನ ದಪ್ಪ ಸಾಮಾನ್ಯವಾಗಿ 1.8 ಮಿಲಿಮೀಟರ್ ಇರುವುದರಿಂದ ಡಿಸ್ಕ್‌ನ ನಡುಗೆರೆ ತಾನು ಕೂರುವ ಮೈಗಿಂತ 0.9 ಮಿಲಿಮೀಟರ್ ಹೊರಗಿರುತ್ತದೆ. ಅಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡು ಅಳತೆಗಳ ವ್ಯತ್ಯಾಸ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಕ್ಯಾಲಿಪರ್ ಸರಿಸಿ ಕೂರಿಸಬಹುದು. ಐದರ ಹತ್ತಿರ ಬಂದರೆ ನೀವು ಮುಂಬದಿ ಹಿಂಬದಿ ಅಳತೆಗಳನ್ನು ಬೆರೆಸಿದ್ದೀರಿ ಎಂದೇ ತಿಳಿಯಬೇಕು.

ಆ ಹುಡುಗನ ಹಬ್ ಅಳೆದಾಗ 15 ಬಂತು. ಫೋರ್ಕ್ ಕೇಳುತ್ತಿದ್ದುದು 10. ಅಂದರೆ ಹಿಂಬದಿ ಅಳತೆಯ ಹಬ್, ಮುಂಬದಿ ಅಳತೆಯ ಫೋರ್ಕ್. ಅದೃಷ್ಟವಶಾತ್ ಇದು ಪರಿಹಾರವಿರುವ ಜೋಡಿ: ಡಿಸ್ಕ್ ಐದು ಮಿಲಿಮೀಟರ್ ಒಳಗಿದೆ, ಅದನ್ನು ಹೊರಕ್ಕೆ ತರಬೇಕು. ಆರು ಬೋಲ್ಟ್‌ಗಳ ಹಬ್ ಆದ್ದರಿಂದ ಹಬ್‌ಗೂ ಡಿಸ್ಕ್‌ಗೂ ನಡುವೆ ಐದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸ್ಪೇಸರ್ ಕೂರಿಸಿದೆ. ಇಲ್ಲಿ ಅನೇಕರು ಮರೆಯುವ ಸಂಗತಿಯೆಂದರೆ, ಸ್ಪೇಸರ್ ನುಂಗಿದಷ್ಟು ಉದ್ದವನ್ನು ಬೋಲ್ಟ್‌ಗೆ ಮರಳಿ ಕೊಡಬೇಕು. ಹಳೆಯ ಬೋಲ್ಟ್‌ಗಳನ್ನೇ ಹಾಕಿದರೆ ಎರಡು ಮೂರು ಸುತ್ತು ಮಾತ್ರ ಕಚ್ಚುತ್ತವೆ, ಬ್ರೇಕ್‌ನ ಎಳೆತಕ್ಕೆ ಹಬ್‌ನ ತಿರುಪು ಗೆರೆಗಳೇ ಕಿತ್ತುಬರುತ್ತವೆ. ಹಳೆಯವಕ್ಕಿಂತ ಐದು ಮಿಲಿಮೀಟರ್ ಹೆಚ್ಚು ಉದ್ದದ ಹೊಸ ಬೋಲ್ಟ್‌ಗಳನ್ನು ತಂದು, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ವ್ರೆಂಚ್‌ನಲ್ಲಿ 6 ನ್ಯೂಟನ್ ಮೀಟರ್‌ಗೆ ನಿಲ್ಲಿಸಿದೆ. ತೆಳು ವಾಷರ್‌ಗಳನ್ನು ಒಂದರ ಮೇಲೊಂದು ಪೇರಿಸಿ ಐದು ಮಿಲಿಮೀಟರ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ವಾಷರ್ ತುಸು ಜರುಗಿದರೂ ಬೋಲ್ಟ್ ಬಾಗುತ್ತದೆ.

ಇದರ ತದ್ವಿರುದ್ಧ ಸಂದರ್ಭ ಕಷ್ಟದ್ದು. ಫೋರ್ಕ್ ಪಗ್ಸ್ಲಿಯ ಹಾಗೆ ಹಿಂಬದಿ ಅಳತೆಯದಾಗಿದ್ದು ಹಬ್ ಮುಂಬದಿ ಅಳತೆಯದಾದರೆ ಡಿಸ್ಕ್ ಐದು ಮಿಲಿಮೀಟರ್ ಹೊರಗಿದ್ದು ಫೋರ್ಕ್‌ನ ಕಾಲಿಗೇ ತಾಗಬಹುದು, ಮತ್ತು ಯಾವ ಸ್ಪೇಸರೂ ಅದನ್ನು ಒಳಕ್ಕೆ ಎಳೆಯಲಾರದು. ಈಗಿರುವುದಕ್ಕಿಂತ ಎಡತುದಿಯ ಕ್ಯಾಪ್ ಐದು ಮಿಲಿಮೀಟರ್ ಹೆಚ್ಚು ಉದ್ದ, ಬಲತುದಿಯದು ಅಷ್ಟೇ ಗಿಡ್ಡ ಸಿಕ್ಕುವ ಹಬ್ ಆದರೆ ಅವನ್ನು ಬದಲಿಸಿ, ಕಡ್ಡಿಗಳನ್ನು ಬಿಗಿದು ಸಡಿಲಿಸಿ ರಿಮ್ಮನ್ನು ಮತ್ತೆ ನಡುವಿಗೆ ತರಬಹುದು. ಇಲ್ಲವಾದರೆ ಹಬ್ ಬದಲಿಸುವುದೇ ದಾರಿ. ಡಿಸ್ಕ್ ಉಜ್ಜುತ್ತದೆಂದು ಫೋರ್ಕ್‌ನ ಕಾಲನ್ನು ಅರದಿಂದ ಸವೆಸುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ಹಿಂಬದಿ ಅಳತೆಯ ಇಂಥ ಫೋರ್ಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಕ್ಯಾಲಿಪರ್ ಕಟ್ಟುವ ಕಿವಿಗಳು, ಅಂದರೆ 51 ಮಿಲಿಮೀಟರ್ ಅಂತರದ ಐಎಸ್ (ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್) ತೂತುಗಳು, ಹಿಂಬದಿಯ ಎತ್ತರದಲ್ಲಿಯೇ ಇರುತ್ತವೆ. 160 ಮಿಲಿಮೀಟರ್ ವ್ಯಾಸದ ಡಿಸ್ಕ್‌ಗೆ ಮುಂದಿನ ಚಕ್ರದ 160ರ ಅಡಾಪ್ಟರ್ (ಕಿವಿಗೂ ಕ್ಯಾಲಿಪರ್‌ಗೂ ನಡುವೆ ಕೂರುವ ತುಂಡು) ಹಾಕಿದರೆ ಕ್ಯಾಲಿಪರ್ ಹತ್ತು ಮಿಲಿಮೀಟರ್ ಕೆಳಗೆ ಕೂತು ಡಿಸ್ಕ್‌ನ ಅಂಚು ಅದರ ಮೈಗೆ ಬಡಿಯುತ್ತದೆ. ಅಡಾಪ್ಟರ್‌ನ ಮೇಲಿನ ಅಕ್ಷರಗಳನ್ನು ಓದಿ: ಮುಂದೆ 180, ಹಿಂದೆ 160 ಎಂದು ಒಂದೇ ತುಂಡಿನ ಮೇಲೆ ಬರೆದಿರುತ್ತದೆ. ಚಕ್ರ ಮುಂದಿನದೇ ಆದರೂ ಇಲ್ಲಿ ಬೇಕಾದುದು ಅದೇ ತುಂಡು.

ಹಿಂದಿನ ಚಕ್ರದಲ್ಲಿ ಗೊಂದಲ ಇಷ್ಟಿಲ್ಲ. 170ರ ಹಬ್ ಥ್ರೂ ಆಕ್ಸಲ್, ಅಂದರೆ ಡ್ರಾಪ್‌ಔಟ್‌ನ ತೂತುಗಳ ಮೂಲಕ ತೂರಿಸುವ ದಪ್ಪ ಆಕ್ಸಲ್‌ನದು, ಆದಾಗ 177 ಆಗುತ್ತದೆ, 190ರದು 197. ಹೆಚ್ಚಿದ ಏಳು ಮಿಲಿಮೀಟರ್ ಎರಡೂ ಬದಿಗೆ ಮೂರೂವರೆಯಂತೆ ಡ್ರಾಪ್‌ಔಟ್‌ನ ಗುಳಿಗಳೊಳಗೆ ಅಡಗುವುದರಿಂದ ಡಿಸ್ಕ್ ಇದ್ದಲ್ಲೇ ಇರುತ್ತದೆ. ಹಬ್ ತಯಾರಕರು ಬದಲಿ ಕ್ಯಾಪ್ ಕೊಡುತ್ತಿದ್ದರೆ ಒಂದನ್ನು ಇನ್ನೊಂದಕ್ಕೆ ಮಾರ್ಪಡಿಸಬಹುದು. ಮುಂದಿನ ಚಕ್ರದಲ್ಲೂ 2014ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಬ್ಲೂಟೊ ಸಸ್ಪೆನ್ಶನ್ ಫೋರ್ಕ್ 150 ಅಗಲ, 15 ದಪ್ಪದ ಆಕ್ಸಲ್‌ನೊಂದಿಗೆ ಬಂದ ಮೇಲೆ ಹೊಸ ಸೈಕಲ್‌ಗಳು ಬಹುಪಾಲು ಆ ಅಳತೆಗೆ ಒಗ್ಗಿವೆ. ಗೊಂದಲ ಉಳಿದಿರುವುದು 135ರ ಫೋರ್ಕ್‌ಗಳಲ್ಲಿ.

ಆ ಹುಡುಗನ ಸೈಕಲ್‌ನ ವಾಷರ್‌ಗಳನ್ನೆಲ್ಲ ತೆಗೆದು ಚಕ್ರವನ್ನು ನಡುವಿಗೆ ಕೂರಿಸಿದೆ. ಕ್ಯಾಲಿಪರ್ ಬೋಲ್ಟ್‌ಗಳನ್ನು ಸಡಿಲಿಸಿ, ಬ್ರೇಕ್ ಲಿವರ್ ಒತ್ತಿ ಹಿಡಿದು ಹಾಗೆಯೇ ಬಿಗಿದೆ. ಚಕ್ರ ಎತ್ತಿ ತಿರುಗಿಸಿದಾಗ ಡಿಸ್ಕ್‌ನ ಎರಡೂ ಬದಿಯಲ್ಲಿ ಬೆಳಕಿನ ಸಣ್ಣ ಗೆರೆ ಕಾಣಿಸಿತು, ಉಜ್ಜುವ ಸದ್ದಿರಲಿಲ್ಲ. ಫೋರ್ಕ್‌ನ ಒಳಬದಿಯಲ್ಲಿ ಬಿಳಿ ಪೇಂಟ್ ಪೆನ್ನಿನಿಂದ “ಡಿಸ್ಕ್ 10” ಎಂದೂ, ಹಬ್‌ನ ಮೇಲೆ “15, ಸ್ಪೇಸರ್ 5” ಎಂದೂ ಬರೆದೆ. ಮುಂದೆ ಯಾವ ಊರಿನ ಯಾವ ಮೆಕ್ಯಾನಿಕ್ ಆ ಚಕ್ರ ಬಿಚ್ಚಿದರೂ ಆ ಎರಡು ಸಾಲು ಅವರ ಕಣ್ಣಿಗೆ ಬೀಳುತ್ತವೆ.