ಸೋಲಾರ್ ಬರಲಿ, ಊರನ್ನು ಕೇಳಿ ಬರಲಿ

ನಮಸ್ಕಾರ. ತುಮಕೂರು ಜಿಲ್ಲೆಯಲ್ಲಿ ಸೋಲಾರ್ ಮಾತು ಬಂದರೆ ಎಲ್ಲರೂ ಪಾವಗಡದ ಹೆಸರು ಹೇಳುತ್ತಾರೆ. ಅಲ್ಲಿಗೆ ಆಮೇಲೆ ಬರ್ತೀನಿ. ಮೊದಲು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಚಿಕ್ಕ ಊರಿನ ವಿಷಯ ಹೇಳಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅಂತ ಒಂದು ತಂಡ ಕಟ್ಟಿದ್ದರು. ಸೌದೆ ಉಳಿಸೋ ಅಸ್ತ್ರ ಒಲೆ ಕೇಳಿರ್ತೀರಲ್ವಾ, ಅದನ್ನು ಮಾಡಿದವರೇ ಇವರು. ಪುರದಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ, ಮನೆಮನೆಗೆ ಅಡುಗೆ ಗ್ಯಾಸ್ ಕೊಡೋದು ಅಂತ ಇವರು ಯೋಜನೆ ಹಾಕಿದರು. ಅದು ಕೈಗೂಡಲಿಲ್ಲ. ಎಲ್ಲರ ಅಡುಗೆಗೂ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಸೌದೆಯನ್ನು ಹೇಗೂ ಆಯ್ದು ತರುತ್ತಿದ್ದ ಜನಕ್ಕೆ ಗ್ಯಾಸು ಅಷ್ಟು ತುರ್ತೂ ಆಗಿರಲಿಲ್ಲ. ಊರಿನವರ ಜೊತೆ ಕೂತು ಮಾತಾಡಿದಾಗ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಗೊತ್ತಾಯ್ತು. ಕುಡಿಯೋ ನೀರು!

ಆಗ ಯೋಜನೆಯನ್ನೇ ತಿರುಗಿಸಿದರು. 1987ರಿಂದ ಆ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿದರು. ಅದರಿಂದ ಬಂದ ಕರೆಂಟಿನಲ್ಲಿ ಕೊಳವೆಬಾವಿ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಬೆಳಗ್ಗೆ ಹೆಂಗಸರು, ಮಕ್ಕಳು ಕೊಟ್ಟಿಗೆಯ ಸಗಣಿ ತಂದು ಹಾಕಬೇಕು. ಅದನ್ನು ತೂಕ ಹಾಕಿ ಬರೆದುಕೊಳ್ಳುತ್ತಿದ್ದರು. ತಂದವರಿಗೆ ಕೆಜಿಗೆ 2 ಪೈಸೆ. ಗ್ಯಾಸು ಹೋದ ಮೇಲೆ ಉಳಿಯುವ ಬಗ್ಗಡವನ್ನು ಅವರವರು ತಂದ ಸಗಣಿಯ ಲೆಕ್ಕಕ್ಕೆ ತಕ್ಕಂತೆ ವಾಪಸ್ ಕೊಡುತ್ತಿದ್ದರು. ಅದು ಒಳ್ಳೆ ಗೊಬ್ಬರ, ಹೊಲಕ್ಕೇ ಹೋಗುತ್ತಿತ್ತು. ಘಟಕ ನೋಡಿಕೊಳ್ಳುತ್ತಿದ್ದವರು ಊರಿನ ಹುಡುಗರೇ. ಸಗಣಿ ಕಡಿಮೆಯಾದರೆ ಎಂಜಿನ್ ನಿಲ್ಲುತ್ತೆ, ಇಡೀ ಊರಿನ ನಲ್ಲಿ ನಿಲ್ಲುತ್ತೆ. ಹಾಗಾಗಿ 'ಯಾಕಮ್ಮ ಇವತ್ತು ತರಲಿಲ್ಲ' ಅಂತ ಕೇಳೋಕೆ ಅಧಿಕಾರಿ ಬರಬೇಕಾಗಿರಲಿಲ್ಲ, ಅಕ್ಕಪಕ್ಕದವರೇ ಸಾಕಾಗಿತ್ತು.

ಓದಿದ ವಿಜ್ಞಾನಿಗಳೇ ಹಾಕಿದ ಯೋಜನೆ, ಉದ್ದೇಶವೂ ಒಳ್ಳೆಯದೇ. ಆದರೂ ಊರಿಗೆ ಬೇಕಾದದ್ದು ಬೇರೆ ಇತ್ತು. ಇದನ್ನು ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದರೆ, ಈಗ ನಮ್ಮ ಜಿಲ್ಲೆಗಳಿಗೆ ಬರುತ್ತಿರೋದು ಅದಕ್ಕಿಂತ ಎಷ್ಟೋ ದೊಡ್ಡ ಯೋಜನೆಗಳು.

ಪಾವಗಡಕ್ಕೆ ಬರೋಣ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಜಮೀನನ್ನು ಕಿತ್ತುಕೊಳ್ಳದೆ 28 ವರ್ಷದ ಗುತ್ತಿಗೆಗೆ ತಗೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಬೀಜದ ಖರ್ಚೂ ಹುಟ್ಟದೆ ಕೂತ ರೈತನಿಗೆ ಅದು ದೊಡ್ಡ ಆಸರೆ. ಗುತ್ತಿಗೆ ಅನ್ನೋ ಆಲೋಚನೆ ನನಗೆ ಇಷ್ಟ, ಅದನ್ನು ಮೆಚ್ಚಲೇಬೇಕು.

ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿ ಹೆಂಗಸಿಗೆ ಪಹಣಿ ಎಲ್ಲಿದೆ? ಕೊಯ್ಲಾದ ಮೇಲೆ ಬಯಲಿನಲ್ಲಿ ಕುರಿ ಬಿಡುತ್ತಿದ್ದವನಿಗೆ? ಹೊಲ ಬೇಲಿಯೊಳಗೆ ಹೋದಾಗ ಅವರ ಕೆಲಸವೂ ಮೇವೂ ಹೋಯಿತು, ಕೈಗೆ ಗುತ್ತಿಗೆ ಹಣ ಬರಲಿಲ್ಲ. ಅವರನ್ನೂ ಕೂರಿಸಿಕೊಂಡು ಮೊದಲೇ ಲೆಕ್ಕ ಹಾಕಿದ್ದರೆ ಬಾಡಿಗೆಯ ಒಂದು ಪಾಲು, ಖಾತ್ರಿ ಕೆಲಸ, ಕುರಿಗೆ ಬಿಟ್ಟ ಜಾಗ, ಏನಾದರೂ ಒಂದು ಒಪ್ಪಂದದ ಕಾಗದದಲ್ಲಿ ಇರುತ್ತಿತ್ತು ಅಂತ ನನಗೆ ಅನ್ನಿಸುತ್ತೆ.

ಈಗ ಕೇಂದ್ರ ಸರ್ಕಾರದ ಕುಸುಮ್ ಯೋಜನೆ ಬಂದಿದೆ. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಹಾಕಿ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ (ಫೀಡರಿಗೆ) ಹಗಲು ಹೊತ್ತು ತ್ರೀ ಫೇಸ್ ಕೊಡೋದು. ರಾತ್ರಿ ಹೊತ್ತು ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಮೋಟಾರ್ ಹಾಕೋಕೆ ಹೋಗುವ ಮನೆಯವರಿಗೆ ಇದರ ಬೆಲೆ ಗೊತ್ತು. ಇದು ಬರಬೇಕು, ಬೇಗ ಬರಬೇಕು. ಪ್ರಶ್ನೆ ಇರೋದು ಜಾಗದ್ದು. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು. ಸರ್ಕಾರಿ ಜಾಗ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ಗೋಮಾಳ. ಕಾಗದದಲ್ಲಿ ಅದು ಖಾಲಿ ಜಾಗ, ಊರಿಗೆ ಅದು ಮೇವು.

ಇನ್ನೊಂದು ಮಾತು. ಹಗಲು ಕರೆಂಟು ಜಾಸ್ತಿ ಸಿಕ್ಕಿದರೆ ಬೋರ್ ಇನ್ನೂ ಜಾಸ್ತಿ ಹೊತ್ತು ಓಡುತ್ತೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತರ್ಜಲ ಎಷ್ಟು ಆಳಕ್ಕೆ ಇಳಿದಿದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಕರೆಂಟಿನ ಯೋಜನೆ ಮಾಡುವ ಊರು ನೀರಿನ ಲೆಕ್ಕವನ್ನೂ ಅದೇ ಸಭೆಯಲ್ಲಿ ಹಾಕಬೇಕು. ಇದನ್ನು ಮೇಲಿನ ಕಚೇರಿಯಿಂದ ಮಾಡೋಕೆ ಆಗಲ್ಲ. ಯಾವ ಬೋರ್ ಬತ್ತಿದೆ, ಯಾರು ಹೊಸದು ಕೊರೆಸಿದ್ದಾರೆ ಅನ್ನೋದು ಊರಿಗೆ ಗೊತ್ತಿರುತ್ತೆ.

ಬಡವರ ಕೈಯಲ್ಲಿ ಇಂಥದ್ದು ಆಗಲ್ಲ ಅನ್ನೋರಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯ ಉದಾಹರಣೆ ಇದೆ. ಅಲ್ಲಿನ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ, 5,500 ಮನೆಗಳಿಗೆ ಅಂತ ಹಾಕಿದ್ದು, 2005ರಲ್ಲೇ ವಿಶ್ವಸಂಸ್ಥೆಯ ಇಂಗಾಲ ಯೋಜನೆಯಲ್ಲಿ, ಅಂದರೆ ಗಾಳಿಗೆ ಇಂಗಾಲ ಬಿಡೋದನ್ನು ಕಡಿಮೆ ಮಾಡಿದ್ದಕ್ಕೆ ಹಣ ಪಡೆಯೋ ವ್ಯವಸ್ಥೆಯಲ್ಲಿ, ನೋಂದಣಿಯಾಯಿತು.

ಪಂಚಾಯಿತಿ ಪ್ರತಿ ವರ್ಷ ಅಭಿವೃದ್ಧಿ ಯೋಜನೆ ಮಾಡಲೇಬೇಕು, ಅದಕ್ಕೆ ಗ್ರಾಮಸಭೆ ನಡೆಸಲೇಬೇಕು. ಆ ಸಭೆಗೆ ಕರೆಂಟಿನ ವಿಷಯ ತನ್ನಿ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋದವರು ಬರಲ್ಲ, ಕುರಿಯವರೂ ಬರಲ್ಲ. ಸಂಜೆ ಇಡಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಗೋಮಾಳ ಕೊಡೋದಾದರೆ ಎಷ್ಟು ಎಕರೆ, ಮೇವಿಗೆ ಬದಲಿ ಜಾಗ ಯಾವುದು, ಹಣ ಬಂದರೆ ಯಾವ ಖಾತೆಗೆ, ಪ್ಯಾನೆಲ್ ತೊಳೆಯೋ ಕೆಲಸ ಯಾರಿಗೆ, ತೊಳೆಯೋ ನೀರು ಎಲ್ಲಿಂದ. ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಎಲ್ಲರ ಮುಂದೆ ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿ.