ಕೆಲಸ ಕಲಿಸಿಕೊಟ್ಟು ಮನೆಗೆ ಹೋದವರು: ಹೊರಗುತ್ತಿಗೆ, ಅಗ್ಗದ ಸಂಬಳ ಮತ್ತು ಪಳಗಿದ ಕೈ

[ತೆರೆಯ ಮೇಲೆ: ಒಂದು ಮೇಜು, ಒಂದು ಕಂಪ್ಯೂಟರ್, ಎರಡು ಕುರ್ಚಿ]

ಈ ಎರಡು ಕುರ್ಚಿ ನೋಡಿ. ಒಂದರಲ್ಲಿ ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವರು ಕೂತಿದ್ದಾರೆ. ಪಕ್ಕದಲ್ಲಿ ಹೊಸಬರು. ಹೊಸಬರು ಸ್ಕ್ರೀನ್ ರೆಕಾರ್ಡ್ ಮಾಡಿಕೊಳ್ಳುತ್ತಾ ಕೇಳುತ್ತಾರೆ: "ಈ ಎರರ್ ಬಂದರೆ ಏನು ಮಾಡಬೇಕು? ಈ ಫೈಲನ್ನು ಯಾಕೆ ಮುಟ್ಟಬಾರದು?" ಹಳಬರು ಒಂದೊಂದಾಗಿ ಹೇಳಿಕೊಡುತ್ತಾರೆ. ಹೇಳಿಕೊಟ್ಟು ಮುಗಿದ ದಿನ ಅವರ ಕೆಲಸವೂ ಮುಗಿಯುತ್ತದೆ. ಇದು ಇಬ್ಬರಿಗೂ ಗೊತ್ತು. ಇಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರು ಇದಕ್ಕೆ ಕೆಟಿ ಅನ್ನುತ್ತಾರೆ. ನಾಲೆಡ್ಜ್ ಟ್ರಾನ್ಸ್‌ಫರ್.

2014ರ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿ ಕಂಪನಿ ತನ್ನ ಸುಮಾರು 250 ಐಟಿ ಸಿಬ್ಬಂದಿಗೆ ಇದೇ ಸುದ್ದಿ ಕೊಟ್ಟಿತು. ಕೆಲಸ ಹೊರಗುತ್ತಿಗೆ ಕಂಪನಿಗಳಿಗೆ ಹೋಗುತ್ತದೆ, ಅವರ ಕಡೆಯವರು ಬರುತ್ತಾರೆ, ಅವರಿಗೆ ಕೆಲಸ ಕಲಿಸಿ. ಬಂದವರಲ್ಲಿ ಹಲವರು ಎಚ್-1ಬಿ ವೀಸಾ ಮೇಲೆ, ಅಂದರೆ ಹೊರದೇಶದ ಪರಿಣತರು ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ವೀಸಾ ಮೇಲೆ ಬಂದವರು. 2016ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡವರಲ್ಲಿ ಒಬ್ಬರು ಸೆನೆಟ್ ಸಮಿತಿಯ ಮುಂದೆ ಕೂತು ಇದನ್ನೆಲ್ಲ ಹೇಳುವಾಗ ಕಣ್ಣೀರು ಹಾಕಿದರು. ಕೆಲವರು ಕೋರ್ಟಿಗೂ ಹೋದರು. ಕೇಸು ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ? ಕಂಪನಿ ಕದ್ದು ಮುಚ್ಚಿ ಏನೂ ಮಾಡಿರಲಿಲ್ಲ. ಕಾನೂನೇ ಹಾಗಿತ್ತು. ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಇದು ಅರ್ಥ ಆಗದಿದ್ದರೆ ನಮ್ಮ ಸಿಟ್ಟೆಲ್ಲ ತಪ್ಪು ಜಾಗಕ್ಕೆ ಹೋಗುತ್ತದೆ.

[ತೆರೆಯ ಮೇಲೆ: ಸಾಲಾಗಿ ನಿಂತ 100 ಜನರ ಚಿತ್ರ. 17ನೇ ವ್ಯಕ್ತಿಗೆ ಬೇರೆ ಬಣ್ಣ]

ಒಂದೇ ಪ್ರದೇಶದಲ್ಲಿ ಒಂದೇ ಕೆಲಸ ಮಾಡುವ 100 ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ. ಎಲ್ಲರಿಗಿಂತ ಕಡಿಮೆ ಸಂಬಳದವರಿಂದ ಎಣಿಸಿಕೊಂಡು ಬನ್ನಿ. 17ನೆಯವರ ಹತ್ತಿರ ನಿಲ್ಲಿ. ಕೆಲಸಕ್ಕೆ ಬೇಕಾದ ಅನುಭವ, ಪರಿಣತಿ ನೋಡಿ ಸಂಬಳದ ಹಂತಗಳಿವೆ. ಎಚ್-1ಬಿ ಮೇಲೆ ಬರುವವರಿಗೆ ಮೊದಲ ಹಂತದಲ್ಲಿ ಹೆಚ್ಚುಕಡಿಮೆ ಆ 17ನೆಯವರ ಸಂಬಳ ಕೊಟ್ಟರೆ ಸಾಕಿತ್ತು. ಎರಡನೇ ಹಂತಕ್ಕೆ 34ನೆಯವರದು. ಮೂರನೇ ಹಂತಕ್ಕೆ ಬಂದಾಗ ಮಾತ್ರ ಸಾಲಿನ ನಡುವಿನವರ ಸಂಬಳ. ಡಿಸ್ನಿ ಪ್ರಕರಣ ನಡೆದಾಗ ಇದ್ದದ್ದು ಇದೇ ಲೆಕ್ಕ. 'ಮಾರುಕಟ್ಟೆ ದರದ ಸಂಬಳ ಕೊಡಬೇಕು' ಅನ್ನುವ ನಿಯಮವಿತ್ತು, ಆದರೆ ಆ ದರವೇ ನಡುಸಾಲಿಗಿಂತ ಎಷ್ಟೋ ಕೆಳಗಿತ್ತು.

ಇನ್ನೊಂದು ಇದೆ. ಕಂಪನಿಯಲ್ಲಿ ಅದೇ ಕೆಲಸ ಮಾಡುವ ಬೇರೆಯವರಿಗಿಂತ ಕಡಿಮೆ ಕೊಡಬಾರದು ಅಂತಲೂ ಕಾನೂನು ಹೇಳುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಯಾವ ಕಂಪನಿ? ವೀಸಾ ಹಾಕಿಸಿದ ಗುತ್ತಿಗೆ ಕಂಪನಿ. ನೌಕರ ದಿನವೂ ಹೋಗಿ ಕೂರುವ ಆಫೀಸಿನ ಹಳಬರ ಸಂಬಳ ಈ ಹೋಲಿಕೆಗೆ ಬರುವುದೇ ಇಲ್ಲ. ಮಧ್ಯೆ ಒಬ್ಬ ಗುತ್ತಿಗೆದಾರ ಬಂದ ಕೂಡಲೇ ಅಕ್ಕಪಕ್ಕದ ಆ ಎರಡು ಕುರ್ಚಿಗಳು ಕಾನೂನಿನ ಕಣ್ಣಿಗೆ ಬೇರೆ ಬೇರೆ ಆಗಿಬಿಡುತ್ತವೆ.

ಎಚ್-1ಬಿಯವರನ್ನೇ ಹೆಚ್ಚಾಗಿ ಇಟ್ಟುಕೊಂಡ ಕಂಪನಿಗಳಿಗೆ ಇನ್ನೂ ಒಂದು ಷರತ್ತಿದೆ: ಅಮೆರಿಕದ ನೌಕರರನ್ನು ತೆಗೆದು ಆ ಜಾಗಕ್ಕೆ ಇವರನ್ನು ಹಾಕಬಾರದು. ಆದರೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ ಆ ಷರತ್ತಿನಿಂದ ಬಿಡುಗಡೆ. ಈ ಮೊತ್ತ ನಿಗದಿ ಆದದ್ದು 1998ರಲ್ಲಿ. ಡಿಸ್ನಿಯವರು ಕೆಟಿ ಕೊಡುವಾಗಲೂ ಅದೇ ಮೊತ್ತ. ಅಷ್ಟು ವರ್ಷಗಳಲ್ಲಿ ಬಾಡಿಗೆ, ದಿನಸಿ, ಸಂಬಳ ಎಲ್ಲ ಎಲ್ಲಿಗೋ ಹೋಗಿದ್ದವು.

[ತೆರೆಯ ಮೇಲೆ: ಎರಡನೇ ಕುರ್ಚಿ ಹತ್ತಿರದಿಂದ]

ಈಗ ಹೊಸಬರ ಕುರ್ಚಿಗೆ ಬನ್ನಿ. ಈ ವೀಸಾ ಪಡೆಯುವವರಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಭಾರತದವರೇ. ಅವರ ವೀಸಾ ಇರುವುದು ಕಂಪನಿ ಸಲ್ಲಿಸಿದ ಅರ್ಜಿಯ ಮೇಲೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದ ಗಡುವು. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು ಅಥವಾ ಬೇರೆ ವೀಸಾಗೆ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ಮಗುವಿನ ಶಾಲೆ ಅರ್ಧದಲ್ಲಿ, ಮನೆಯ ಬಾಡಿಗೆ ಕರಾರು ಅರ್ಧದಲ್ಲಿ. ಅಮೆರಿಕದಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತದವರ ಸರದಿ ಬರಲು ಎಷ್ಟೋ ವರ್ಷ ಬೇಕು. ಇಂಥ ಕತ್ತಿ ತಲೆಯ ಮೇಲೆ ತೂಗುತ್ತಿರುವಾಗ "ಸಂಬಳ ಜಾಸ್ತಿ ಮಾಡಿ" ಅಂತ ಯಾರು ಕೇಳುತ್ತಾರೆ? ರಾತ್ರಿ ಹತ್ತಕ್ಕೆ ಕಾಲ್ ಬಂದರೆ ಯಾರು ಆಗಲ್ಲ ಅನ್ನುತ್ತಾರೆ?

ಮಾಲೀಕರಿಗೆ ಸಂಬಳದಲ್ಲಿ ಆಗುವ ಉಳಿತಾಯಕ್ಕಿಂತ ಬಾಯಿ ಮುಚ್ಚಿಕೊಂಡು ದುಡಿಯುವವರು ಸಿಗುವುದೇ ದೊಡ್ಡ ಲಾಭ ಅಂತ ನನಗೆ ಅನ್ನಿಸುತ್ತದೆ. ಆ ಮೌನ ಇಡೀ ಆಫೀಸಿಗೆ ಹರಡುತ್ತದೆ. ಪಕ್ಕದವರು ಕೇಳದೆ ಸುಮ್ನೆ ಇದ್ದಾಗ ನಾನೊಬ್ಬನೇ ಕೇಳುವುದು ಹೇಗೆ ಅಂತ ಹಳಬರೂ ಸುಮ್ಮನಾಗುತ್ತಾರೆ.

ಇದು ಕಂಪ್ಯೂಟರ್ ಕೆಲಸಕ್ಕೆ ಮಾತ್ರ ಬಂದ ಕಷ್ಟವಲ್ಲ. 2022ರ ಮಾರ್ಚ್ 17ರಂದು ಬ್ರಿಟನ್ನಿನ ಪಿ ಅಂಡ್ ಓ ಫೆರೀಸ್ ಕಂಪನಿ ಸುಮಾರು 800 ಹಡಗು ಸಿಬ್ಬಂದಿಯನ್ನು ಒಂದೇ ದಿನದಲ್ಲಿ ಕಿತ್ತುಹಾಕಿತು. ಎದುರು ನಿಂತು ಹೇಳಲೂ ಇಲ್ಲ, ವಿಡಿಯೋ ಸಂದೇಶ ಕಳಿಸಿತು. ಅವರ ಜಾಗಕ್ಕೆ ಏಜೆನ್ಸಿ ಮೂಲಕ ಬಂದ ಸಿಬ್ಬಂದಿಗೆ ಗಂಟೆಗೆ ಸರಾಸರಿ 5.50 ಪೌಂಡ್. ಆಗ ಬ್ರಿಟನ್ನಿನಲ್ಲಿ ಕನಿಷ್ಠ ವೇತನವೇ 8.91 ಪೌಂಡ್! ಹಡಗು ನೋಂದಣಿ ಆಗಿದ್ದು ಬೇರೆ ದೇಶದಲ್ಲಿ, ಓಡುವುದು ಅಂತರರಾಷ್ಟ್ರೀಯ ಮಾರ್ಗದಲ್ಲಿ, ಹಾಗಾಗಿ ಆ ಕನಿಷ್ಠ ವೇತನ ಅವರಿಗೆ ತಾಗಲಿಲ್ಲ. ಯೂನಿಯನ್ ಜೊತೆ ಮೊದಲೇ ಮಾತಾಡಬೇಕೆಂಬ ಕಾನೂನನ್ನು ಬೇಕೆಂದೇ ಮುರಿದೆವು ಅಂತ ಕಂಪನಿಯ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು.

ಹಾಗಾದರೆ ಹೊರಗಿನವರು ಬರದಂತೆ ತಡೆದರೆ ಸಾಕಾ? ಸಾಲದು. ಅದನ್ನೂ ಮಾಡಿ ನೋಡಿದ್ದಾರೆ.

[ತೆರೆಯ ಮೇಲೆ: ಟೊಮೆಟೊ ಹೊಲ, ಕೊಯ್ಲಿನ ಯಂತ್ರ]

1942ರಿಂದ 1964ರ ತನಕ ಬ್ರಸೆರೋ ಅನ್ನುವ ಒಪ್ಪಂದದಡಿ ಮೆಕ್ಸಿಕೋದ ಕೂಲಿಗಳು ಅಮೆರಿಕದ ಹೊಲಗಳಿಗೆ ಬರುತ್ತಿದ್ದರು. ಸ್ಥಳೀಯರ ಕೂಲಿ ಏರಲಿ ಅಂತ ಸರ್ಕಾರ ಒಪ್ಪಂದವನ್ನೇ ನಿಲ್ಲಿಸಿತು. ಆದದ್ದೇನು? ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರು ಕೆಲವೇ ವರ್ಷಗಳಲ್ಲಿ ಕೊಯ್ಲಿನ ಯಂತ್ರಕ್ಕೆ ಹೋದರು. ಯಂತ್ರಕ್ಕೆ ಒಗ್ಗದ ಕೆಲವು ಬೆಳೆಗಳನ್ನು ಕಡಿಮೆ ಮಾಡಿದರು. ಆಮೇಲೆ ಅರ್ಥಶಾಸ್ತ್ರಜ್ಞರು ಹಳೆಯ ದಾಖಲೆ ತೆಗೆದು ಅಳೆದು ನೋಡಿದಾಗ, ನಿಷೇಧದಿಂದ ಸ್ಥಳೀಯರ ಕೂಲಿ ಏರಿದ್ದು ಕಾಣಿಸಲಿಲ್ಲ.

ಇದರ ಉಲ್ಟಾ ಉದಾಹರಣೆಯೂ ಇದೆ. 1980ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 1,25,000 ಕ್ಯೂಬನ್ನರು ದೋಣಿಯಲ್ಲಿ ಫ್ಲಾರಿಡಾಗೆ ಬಂದರು. ಮಯಾಮಿಯ ದುಡಿಯುವ ಜನಸಂಖ್ಯೆ ಸುಮಾರು ಶೇ. 7ರಷ್ಟು ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಇದನ್ನು ಅಧ್ಯಯನ ಮಾಡಿ, ಅಲ್ಲಿದ್ದವರ ಸಂಬಳಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿಲ್ಲ ಅಂದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಮತ್ತೆ ಲೆಕ್ಕ ಹಾಕಿ, ಹೈಸ್ಕೂಲ್ ಮುಗಿಸದ ಗಂಡಸರಿಗೆ ಜೋರಾಗಿಯೇ ಪೆಟ್ಟು ಬಿದ್ದಿದೆ ಅಂದರು. ಜಗಳ ಇನ್ನೂ ನಿಂತಿಲ್ಲ. ಆದರೆ ಆ ಕ್ಯೂಬನ್ನರು ಬಂದ ಮೇಲೆ ಯಾವ ಮಾಲೀಕರ ಹತ್ತಿರ ಬೇಕಾದರೂ ಕೆಲಸ ಕೇಳಬಹುದಿತ್ತು. ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ ವೀಸಾಕ್ಕೂ ಇದಕ್ಕೂ ಅಜಗಜಾಂತರ ವ್ಯತ್ಯಾಸ.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ: ಕೈ ಪಳಗುವುದು ಎಲ್ಲಿ?

ಯಾವ ಕಸುಬೇ ಆಗಲಿ, ಹೊರಗುತ್ತಿಗೆಗೆ ಸುಲಭವಾಗಿ ಹೋಗುವುದು ಚಿಕ್ಕಪುಟ್ಟ ಕೆಲಸ. ಟೆಸ್ಟಿಂಗ್, ಚಿಕ್ಕ ಬಗ್ ಸರಿಮಾಡುವುದು, ಡ್ರಾಯಿಂಗ್ ತಿದ್ದುವುದು, ಲೆಕ್ಕ ತಾಳೆ ನೋಡುವುದು. ಇದರಲ್ಲಿ ಏನಿದೆ, ಯಾರು ಬೇಕಾದರೂ ಮಾಡುತ್ತಾರೆ ಅಂತ ಕಳಿಸಿಬಿಡುತ್ತಾರೆ. ಆದರೆ ಹೊಸಬರು ಕಲಿಯುವುದು ಅದೇ ಚಿಕ್ಕಪುಟ್ಟ ಕೆಲಸದಲ್ಲಿ. ತಪ್ಪು ಮಾಡಿ, ಹಿರಿಯರಿಂದ ಬೈಸಿಕೊಂಡು, ಮತ್ತೆ ಮಾಡಿ. ಆ ಮೆಟ್ಟಿಲು ತೆಗೆದ ಮೇಲೆ ಹತ್ತು ವರ್ಷದ ನಂತರ ಹಿರಿಯರು ಎಲ್ಲಿಂದ ಬರುತ್ತಾರೆ?

ಬೋಯಿಂಗ್ 787 ವಿಮಾನದ ಕಥೆ ಕೇಳಿ. ಹಿಂದೆಂದೂ ಇಲ್ಲದಷ್ಟು ಭಾಗಗಳ ತಯಾರಿಕೆಯನ್ನು, ಜೊತೆಗೆ ಅವುಗಳ ವಿನ್ಯಾಸದ ಕೆಲಸವನ್ನೂ ಕಂಪನಿ ಹೊರಗಿನ ಪೂರೈಕೆದಾರರಿಗೆ ವಹಿಸಿತು. ಹೀಗೆ ಮಾಡಿದರೆ ಖರ್ಚು ಉಳಿಯುವುದಿಲ್ಲ, ಕೊನೆಗೆ ಕೈಗೆ ಏನೂ ಉಳಿಯುವುದಿಲ್ಲ ಅಂತ ಅದೇ ಕಂಪನಿಯ ಎಂಜಿನಿಯರ್ ಹಾರ್ಟ್-ಸ್ಮಿತ್ 2001ರಲ್ಲೇ ಲೆಕ್ಕ ಸಮೇತ ಬರೆದಿದ್ದರು. 2007ರ ಜುಲೈ 8ರಂದು ವಿಮಾನವನ್ನು ಜನರ ಮುಂದೆ ತಂದಾಗ ಅದು ಹೊರಗೆ ಥಳಥಳ, ಒಳಗೆ ಖಾಲಿ. ಭಾಗಗಳನ್ನು ಬಿಗಿಯುವ ಸರಿಯಾದ ಫಾಸ್ಟ್‌ನರ್‌ಗಳು ಸಿಗದೆ ಎಷ್ಟೋ ಕಡೆ ತಾತ್ಕಾಲಿಕವಾದವನ್ನು ಬಿಗಿದಿದ್ದರು. ಆಮೇಲೆ ಅವನ್ನೆಲ್ಲ ಹುಡುಕಿ ಹುಡುಕಿ ಬಿಚ್ಚಬೇಕಾಯಿತು. 2008ರಲ್ಲಿ ಗ್ರಾಹಕರ ಕೈ ಸೇರಬೇಕಿದ್ದ ವಿಮಾನ ಸೇರಿದ್ದು 2011ರ ಸೆಪ್ಟೆಂಬರ್‌ನಲ್ಲಿ. ನಡುವೆ, 2009ರಲ್ಲಿ, ಒಬ್ಬ ಪೂರೈಕೆದಾರರ ಕಾರ್ಖಾನೆಯನ್ನು ಬೋಯಿಂಗ್ ತಾನೇ ದುಡ್ಡು ಕೊಟ್ಟು ಕೊಂಡು, ಆ ಕೆಲಸವನ್ನು ಮನೆಯೊಳಗೆ ತಂದುಕೊಂಡಿತು.

ಹೊರಗುತ್ತಿಗೆ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದರಿಂದ ಲಕ್ಷಾಂತರ ಮನೆಗಳಲ್ಲಿ ಒಲೆ ಉರಿದಿದೆ. ಆದರೆ ಕಡಿಮೆ ಬೆಲೆಗೆ ಸಿಗುತ್ತದೆ ಅನ್ನುವುದೊಂದನ್ನೇ ನೋಡಿ ಕೆಲಸ ಕಳಿಸಿದರೆ, ಆ ಕೆಲಸ ಇದ್ದ ಕಡೆ ಜ್ಞಾನ ಉಳಿಯುವುದಿಲ್ಲ, ಹೋದ ಕಡೆ ಮರ್ಯಾದೆಯ ಸಂಬಳ ಸಿಗುವುದಿಲ್ಲ.

ಸರಿಮಾಡುವ ಪ್ರಯತ್ನಗಳೂ ನಡೆದಿವೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಘೋಷಿಸಿತು. ನನಗೆ ಇದರಲ್ಲಿ ನಂಬಿಕೆ ಇಲ್ಲ. ಶುಲ್ಕ ಏರಿದರೆ ಕಂಪನಿ ಜನರನ್ನು ಕರೆಸುವ ಬದಲು ಕೆಲಸವನ್ನೇ ಹೊರಗೆ ಕಳಿಸಬಹುದು. ಈಗಾಗಲೇ ಅಲ್ಲಿರುವವರ ಕಟ್ಟು ಇದರಿಂದ ಒಂದಿಷ್ಟೂ ಸಡಿಲ ಆಗುವುದಿಲ್ಲ.

ಯುರೋಪ್ ಬೇರೆ ದಾರಿ ಹಿಡಿಯಿತು. ಸ್ವೀಡನ್ನಿನ ವಾಕ್ಸ್‌ಹೋಮ್‌ನಲ್ಲಿ ಲಾಟ್ವಿಯಾದ ಕಂಪನಿಯೊಂದು ತನ್ನ ದೇಶದ ಕೆಲಸಗಾರರನ್ನು ಕರೆತಂದು ಶಾಲೆಯ ಕಟ್ಟಡದ ಕೆಲಸ ಮಾಡುತ್ತಿತ್ತು. ಸ್ವೀಡನ್ನಿನ ಯೂನಿಯನ್ ನಮ್ಮ ದರ ಕೊಡಿ ಅಂತ 2004ರಲ್ಲಿ ಕೆಲಸದ ಜಾಗಕ್ಕೆ ದಿಗ್ಬಂಧನ ಹಾಕಿತು. 2007ರಲ್ಲಿ ಯುರೋಪಿನ ನ್ಯಾಯಾಲಯ ಯೂನಿಯನ್ ವಿರುದ್ಧ ತೀರ್ಪು ಕೊಟ್ಟಿತು. ಆದರೆ ವಾದ ಅಲ್ಲಿಗೆ ಸಾಯಲಿಲ್ಲ. 2018ರಲ್ಲಿ ನಿಯಮ ಬದಲಾಯಿತು: ಬೇರೆ ದೇಶದಿಂದ ಕಳಿಸಿದ ಕೆಲಸಗಾರರಿಗೂ, ಕೆಲಸ ನಡೆಯುವ ಜಾಗದ ಕಾನೂನು ಮತ್ತು ಅಲ್ಲಿನ ಯೂನಿಯನ್-ಮಾಲೀಕರ ಸಾಮೂಹಿಕ ಒಪ್ಪಂದದ ಪ್ರಕಾರವೇ ವೇತನ. ಜಾರಿಯಲ್ಲಿ ತೂತುಗಳಿವೆ, ನಿಜ. ಆದರೂ ಇದು ಎರಡೂ ಕುರ್ಚಿಗಳನ್ನು ಒಂದೇ ಮೇಜಿನ ಮುಂದಿಟ್ಟು ನೋಡುವ ನಿಯಮ.

[ತೆರೆಯ ಮೇಲೆ: ಮತ್ತೆ ಅದೇ ಎರಡು ಕುರ್ಚಿ]

ನೀವು ಕೆಟಿ ಕೊಟ್ಟವರಾ, ತೆಗೆದುಕೊಂಡವರಾ? ಆ ಕೊನೆಯ ವಾರದಲ್ಲಿ ಪಕ್ಕದ ಕುರ್ಚಿಯವರ ಜೊತೆ ಏನು ಮಾತಾಡಿದಿರಿ ಅಂತ ನಮಗೆ ಬರೆದು ಕಳಿಸಿ.